ಯುದ್ಧಕ್ಕೆ ಮುಂಚಿನ ಅಳತೆ

...ಅಯ್ಯೋ, ಅದರ ಮೇಲೆ ಬೇಡ! ಆ ಸ್ಟೂಲಿನ ಒಂದು ಕಾಲು ಅಲ್ಲಾಡುತ್ತೆ. ಗಿರಾಕಿಗಳನ್ನ ನಾವು ಅದರ ಮೇಲೆ ಕೂರಿಸೋದೇ ಇಲ್ಲ. ಈ ಕುರ್ಚಿಗೆ ಬನ್ನಿ... ಬೇಡ್ವಾ? ಅದೇ ಸಾಕಾ? ಸರಿ, ಹಾಗಾದ್ರೆ ಸ್ವಲ್ಪ ಎಡಗಡೆಗೆ ವಾಲಿ ಕೂತ್ಕೋಬೇಕು, ಇಲ್ಲಾಂದ್ರೆ... ಓ. ಎಡಗಡೆಗೇ ವಾಲಿದ್ದೀರಿ. ಹೇಳ್ಕೊಡೋದೇ ಬೇಕಾಗ್ಲಿಲ್ಲ. ಅದೂ ನಿಮ್ಮ ಕಾಲದ್ದೇ ಅಲ್ವಾ, ಮರೆತೇಬಿಟ್ಟಿದ್ದೆ.

ಹೇಳಿದ್ನಲ್ಲ, ಅವರು ಊರಲ್ಲಿಲ್ಲ. ಲೈನಿಂಗ್ ಬಟ್ಟೆ ತರೋಕೆ ಹೋಗಿದ್ದಾರೆ. ಬೆಳಿಗ್ಗೆ ಮೊದಲನೇ ಬಸ್ಸಿಗೇ ಹೊರಟ್ರು. ನಾಳೆ ಬರ್ತಾರೆ, ನಾಡಿದ್ದೂ ಆಗ್ಬಹುದು. ನಮ್ಮ ಮನೆಯವರ ಸ್ವಭಾವ ನಿಮಗೆ ಗೊತ್ತಲ್ಲ, ನಾಲ್ಕು ಗುಂಡಿ ಆರಿಸೋಕೆ ಅರ್ಧ ದಿನ ಅಂಗಡೀಲಿ ನಿಂತಿರ್ತಾರೆ... ನೋಡಿ, ನಿಮ್ಮ ಮುಂದೇನೇ "ನಮ್ಮ ಮನೆಯವರು" ಅಂದುಬಿಟ್ಟೆ. ಏನ್ ಮಾಡ್ಲಿ, ಅಭ್ಯಾಸ. ನೀವೂ ಹಾಗೇ ಅಂತಿದ್ರೇನೋ. ಒಬ್ಬ ದರ್ಜಿ, ಇಬ್ಬರ ಬಾಯಲ್ಲಿ "ನಮ್ಮ ಮನೆಯವರು"! ಯಾರಾದ್ರೂ ಕೇಳಿಸ್ಕೊಂಡ್ರೆ ನಗ್ತಾರೆ.

ಟೀ ಕುಡೀರಿ. ಆರಿಹೋಗುತ್ತೆ.

ನಿಮ್ಮ ಗುರುತು ನನಗೆ ಹೇಗೆ ಸಿಕ್ತು ಅಂತ ಯೋಚನೆ ಮಾಡ್ತಿದ್ದೀರಾ? ಅದೇನು ದೊಡ್ಡ ವಿಷಯ. ಹೊಳೆ ಸೇತುವೆ ಮತ್ತೆ ತೆರೆದ ಮೇಲೆ ದಿನಾ ಈ ಬೀದೀಲಿ ಆ ದಡದವರು ಯಾರಾದ್ರೂ ಒಬ್ಬರು ಹಾಗೆ ನಿಂತಿರ್ತಾರೆ. ಕೈಯಲ್ಲೊಂದು ಚೀಲ ಹಿಡ್ಕೊಂಡು, ಒಂದೊಂದೇ ಮನೆ ಗೋಡೆ ನೋಡ್ತಾ. ಬಣ್ಣ ಬದಲಾಗಿದೆ, ಬಾಗಿಲು ಬದಲಾಗಿದೆ, ಹಣ್ಣಿನಂಗಡಿ ಇದ್ದಲ್ಲಿ ಈಗ ಚಪ್ಪಲಿ ಅಂಗಡಿ. ಪಾಪ, ಕೆಲವರು ಗೋಡೆ ಮುಟ್ಟಿ ನೋಡ್ತಾರೆ. ನೀವು ಮುಟ್ಲಿಲ್ಲ. ನೆಟ್ಟಗೆ ನಮ್ಮ ಗಾಜಿನ ಬಾಗಿಲು ನೋಡ್ಕೊಂಡು ನಿಂತ್ರಿ. ಅಷ್ಟರಿಂದಲೇ ಗೊತ್ತಾಯ್ತು.

ಇಲ್ಲ, ನಾನು ಬಾಗಿಲು ಹಾಕ್ಕೊಳ್ಳೋಳಲ್ಲ. ಅವರೇ ಹೇಳಿದ್ರು, ಯಾವತ್ತಾದ್ರೂ ಬಂದ್ರೆ ಮರ್ಯಾದೆಯಿಂದ ಕೂರಿಸಿ, ಟೀ ಕೊಟ್ಟು ಕಳಿಸು, ಮುಗಿದಿದ್ದು ಮುಗೀತು ಅಂತ. ಅಷ್ಟೇ ಅವರ ಮಾತು. ಅದಕ್ಕಿಂತ ಒಂದಕ್ಷರ ಹೆಚ್ಚಿಲ್ಲ, ಕಡಿಮೆ ಇಲ್ಲ.

ನಿಮ್ಮ ಕಥೆ ಎಲ್ಲಾ ಗೊತ್ತು ನನಗೆ. ತಾಯಿಗೆ ಹುಷಾರಿಲ್ಲ, ನಾಲ್ಕು ದಿನ ಇದ್ದು ಬರ್ತೀನಿ ಅಂತ ಹೊಳೆ ದಾಟಿದ್ರಂತೆ. ಅಷ್ಟರಲ್ಲಿ ಯುದ್ಧ ಬಂತು, ಸೇತುವೆ ಬಿತ್ತು. ಆ ದಡ ಒಂದು ಸೈನ್ಯದ್ದಾಯ್ತು, ಈ ದಡ ಇನ್ನೊಂದರದ್ದಾಯ್ತು. ನಿಮ್ಮ ತವರಿನ ಬೀದಿ ಪೂರಾ ಸುಟ್ಟೋಯ್ತು, ಒಂದು ನರಪಿಳ್ಳೆ ಉಳೀಲಿಲ್ಲ ಅಂತ ಸುದ್ದಿ ಬಂತು. ಆದ್ರೂ ಅವರು ಕಾದ್ರು. ಕಾಯ್ಲಿಲ್ಲ ಅಂತ ನಾನು ಹೇಳಲ್ಲ, ಸುಳ್ಳು ಯಾಕೆ. ವರ್ಷಗಟ್ಟಲೆ ಕಾದ್ರು. ನಾನು ಬಂದಿದ್ದು ಆಮೇಲೆ. ಅದನ್ನ ನೀವು ಸ್ವಲ್ಪ ಗಮನದಲ್ಲಿ ಇಟ್ಕೋಬೇಕು. ನಾನು ಯಾರನ್ನೂ ತಳ್ಳಿ ಒಳಗೆ ಬಂದೋಳಲ್ಲ. ಖಾಲಿ ಇದ್ದ ಮನೆಗೆ ಬಂದೆ.

ಖಾಲಿ! ಹಾಗಂದ್ಕೊಂಡು ಬಂದೆ, ನನ್ನ ಬುದ್ಧಿಗಿಷ್ಟು.

ಏನು ನೋಡ್ತಿದ್ದೀರಿ? ಓ, ಮೊಳೆಗೆ ಹಾಕಿರೋ ಆ ಅಳತೆ ಟೇಪಾ? ಹೌದು, ಅವರದ್ದೇ. ಕುತ್ತಿಗೇಲಿ ಟೇಪಿಲ್ಲದೆ ಅವರು ಬಚ್ಚಲಿಗೂ ಹೋಗಲ್ಲ ಅಂತ ನಿಮಗೂ ಗೊತ್ತಿರುತ್ತೆ. ಇದು... ಇದು ಹಳೇದು. ಹೊಸದೊಂದು ತಗೊಂಡಿದ್ದಾರೆ, ಅದು ಹಾಕ್ಕೊಂಡು ಹೋಗಿದ್ದಾರೆ.

ಒಂದು ವಿಷಯ ಹೇಳ್ತೀನಿ, ನಂಬ್ತೀರೋ ಇಲ್ವೋ. ನಿಮ್ಮ ಹೆಸರು ಈ ಮನೇಲಿ ಯಾರೂ ಎತ್ತಲ್ಲ. ನಾನು ಬಂದ ದಿನದಿಂದ ಒಂದೇ ಒಂದು ಸಲ ಕೇಳಿಲ್ಲ. ಬೇಜಾರು ಮಾಡ್ಕೋಬೇಡಿ, ಪೂರ್ತಿ ಕೇಳಿ. ಹೆಸರಿನ ಬದಲು ಒಂದು ಮಾತಿತ್ತು. "ಯುದ್ಧಕ್ಕೆ ಮುಂಚೆ." ನಮ್ಮತ್ತೆ... ನಿಮ್ಮತ್ತೆ... ಅಯ್ಯೋ, ಇಬ್ಬರ ಅತ್ತೇನೂ ಅನ್ನಿ, ಅವರು ಹೋಗಿ ಎರಡು ಚಳಿಗಾಲ ಆಯ್ತು, ಅವರ ಬಾಯಲ್ಲಿ ದಿನ ಬೆಳಗಾದ್ರೆ ಅದೇ. "ಯುದ್ಧಕ್ಕೆ ಮುಂಚೆ ಈ ಪರದೆ ಹೀಗೆ ಕೊಳೆ ಹಿಡಿದಿರ್ಲಿಲ್ಲ." "ಯುದ್ಧಕ್ಕೆ ಮುಂಚೆ ಊಟ ಬಿಸಿಬಿಸಿ ಮೇಜಿಗೆ ಬರ್ತಿತ್ತು." "ಯುದ್ಧಕ್ಕೆ ಮುಂಚೆ ಈ ಮನೇಲಿ ನಗು ಕೇಳಿಸ್ತಿತ್ತು." ನಾನೊಬ್ಬಳು ದಡ್ಡಿ! ಮೊದಮೊದಲು ಪಾಪ ಅನ್ನಿಸ್ತಿತ್ತು. ವಯಸ್ಸಾದವರು, ಆಗ ಸೋಪು ಚೆನ್ನಾಗಿರ್ತಿತ್ತೇನೋ, ಸೌದೆ ಸಲೀಸಾಗಿ ಸಿಗ್ತಿತ್ತೇನೋ ಅಂತ ನಾನೂ ಹೂಂಗುಟ್ತಿದ್ದೆ. "ಹೌದತ್ತೆ, ಆ ಕಾಲ ಎಲ್ಲಿ ಬರುತ್ತೆ" ಅಂತ ನಾನೇ ಒಗ್ಗರಣೆ ಬೇರೆ ಹಾಕ್ತಿದ್ದೆ!

ಒಂದಿನ ಪಾತ್ರೆ ತೊಳೀತಿದ್ದೆ. ಅತ್ತೆ ಹಿಂದೆ ಬಂದು ನಿಂತು, "ಯುದ್ಧಕ್ಕೆ ಮುಂಚೆ ಲೋಟ ಹೀಗೆ ಬೋರಲು ಹಾಕ್ತಿರ್ಲಿಲ್ಲ" ಅಂದ್ರು. ನೀವೇ ಹೇಳಿ, ಲೋಟ ಬೋರಲು ಹಾಕೋದಕ್ಕೂ ಯುದ್ಧಕ್ಕೂ ಏನು ಸಂಬಂಧ? ಸೈನ್ಯದವರು ಬಂದು, ಇನ್ಮೇಲೆ ಲೋಟ ಬೋರಲು ಹಾಕಿ ಅಂತ ಹೇಳಿಹೋದ್ರಾ? ಆಗ ಹೊಳೀತು ನನಗೆ. ಅದು ಕಾಲ ಅಲ್ಲ. ಅದು ಒಬ್ಬ ಹೆಂಗಸು! ಆ ಹೆಂಗಸು ಲೋಟ ನೆಟ್ಟಗೆ ಇಡ್ತಿದ್ಲು, ಪರದೆ ಒಗೀತಿದ್ಲು, ಊಟ ಬಿಸಿಯಾಗಿ ತರ್ತಿದ್ಲು, ನಗ್ತಿದ್ಲು. ಕೈಯಲ್ಲಿದ್ದ ಲೋಟ ಹಾಗೇ ನೀರಲ್ಲಿ ಬಿಟ್ಟು ಮೇಲಿನ ಕೋಣೆಗೆ ಹೋಗಿ ಕೂತೆ.

ನೀವು ನಿಜವಾಗ್ಲೂ ಲೋಟ ನೆಟ್ಟಗೆ ಇಡ್ತಿದ್ರಾ? ಧೂಳು ಕೂರಲ್ವಾ ಒಳಗೆ?

ಅದೇನೋಪ್ಪ. ಆಮೇಲಿಂದ ಆ ಮಾತು ಎಲ್ಲಿ ಕೇಳಿದ್ರೂ ನನಗೆ ಮೈಯೆಲ್ಲಾ ಉರಿ. ಊರಿಗೆ ಊರೇ ಅದನ್ನ ಹಿಡ್ಕೊಂಡು ಕೂತಿದೆಯಲ್ಲ! ಯಾರ ಮನೆಗಾದ್ರೂ ಹೋಗಿ, ಕುರ್ಚಿ ಮುರಿದಿದ್ರೆ "ಇದು ಯುದ್ಧಪೂರ್ವದ್ದು" ಅಂತಾರೆ, ಹೆಮ್ಮೆಯಿಂದ. ಮುರಿದ ಕುರ್ಚಿಗೆ ಎಷ್ಟು ಸೊಕ್ಕು! ನಮ್ಮ ಬೋರ್ಡ್ ನೋಡಿದ್ರಲ್ಲ ಹೊರಗಡೆ? "ಯುದ್ಧಪೂರ್ವ ಗುಣಮಟ್ಟದ ಹೊಲಿಗೆ." ನೂಲು ಹೊಸ ಮಿಲ್ಲಿಂದು, ಕಣ್ಣು ಬಿಟ್ಟು ನೋಡಿದ್ರೆ ಹರಿಯುತ್ತೆ. ಗುಂಡಿ ತಗಡು. ಆದ್ರೂ ಗುಣಮಟ್ಟ ಮಾತ್ರ ಯುದ್ಧಪೂರ್ವ. "ಯಾಕ್ರೀ ಹೀಗೆ ಬರೆಸಿದ್ರಿ" ಅಂದ್ರೆ "ಹಾಗೆ ಬರೆದ್ರೆ ಜನ ಬರ್ತಾರೆ" ಅಂದ್ರು. ಬರ್ತಾರೆ. ಬಂದು ಇಲ್ಲೇ ನಿಂತು ನಿಟ್ಟುಸಿರು ಬಿಡ್ತಾರೆ, ನಾನು ಅವರಿಗೂ ಟೀ ಕೊಡ್ತೀನಿ.

ಒಂದು ಕೇಳ್ತೀನಿ ನಿಮ್ಮನ್ನ. ಆಗ ಆ ಕಾಲಕ್ಕೆ ನೀವೆಲ್ಲಾ ಏನಂತಿದ್ರಿ? ಅದು ನಡೀತಾ ಇರೋವಾಗ? ಯುದ್ಧಕ್ಕೆ ಮುಂಚೆ ಅಂತಿದ್ರಾ? ಸೋಮವಾರ, ಮಂಗಳವಾರ ಅಂತಿದ್ರಿ. ಹಾಲು ಒಡೀತು ಅಂತಿದ್ರಿ. ಅತ್ತೆ ಮುಖ ಊದಿಸ್ಕೊಂಡಿದ್ದಾರೆ ಅಂತಿದ್ರಿ, ಅಲ್ವಾ? ನೀವೂ ಅವರ ಕೈಲಿ ಬೈಸ್ಕೊಂಡಿರ್ತೀರಿ, ನನಗೆ ಗೊತ್ತಿಲ್ವಾ! ನೀವು ಹೊಳೆ ಆ ಕಡೆ ಉಳಿದ ಮೇಲೆ ನೋಡಿ ನಿಮ್ಮ ಸೋಮವಾರಗಳಿಗೆಲ್ಲಾ ಬಂಗಾರದ ನೀರು ಹಾಕಿದ್ದು. ನೀವು ಇಲ್ಲೇ ಇದ್ದಿದ್ರೆ ನಿಮ್ಮ ಲೋಟಕ್ಕೂ ಮೂಗು ಮುರೀತಿದ್ರು.

ಬಾಯಿ ಬಿಟ್ಟು ಏನಾದ್ರೂ ಅನ್ನಿ ಅಕ್... ಏನಾದ್ರೂ ಅನ್ನಿ. ಹೀಗೆ ಸುಮ್ಮನೆ ಕೂತ್ರೆ ನಾನೊಬ್ಬಳೇ ಬಡಬಡಿಸ್ಬೇಕಾಗುತ್ತೆ.

ಮಗಳು ಶಾಲೆಗೆ ಹೋಗಿದ್ದಾಳೆ. ಹೌದು, ಒಬ್ಬಳೇ. ಈಗ ಹಲ್ಲು ಬೀಳೋ ವಯಸ್ಸು. ಒಂದಿನ ಅವರ ಮೇಡಂ "ಯುದ್ಧಪೂರ್ವ" ಅನ್ನೋ ಪದ ಕೊಟ್ಟು ವಾಕ್ಯ ಮಾಡಿ ಅಂದ್ರಂತೆ. ಮಕ್ಕಳು ಏನೇನೋ ಹೇಳಿದ್ವಂತೆ, ಯುದ್ಧಪೂರ್ವ ಕಟ್ಟಡ, ಯುದ್ಧಪೂರ್ವ ರೈಲು. ನಮ್ಮದು ಎದ್ದು ನಿಂತು, "ನಮ್ಮಮ್ಮ ಯುದ್ಧಪೂರ್ವ ಅಲ್ಲ" ಅಂತಂತೆ! ಕ್ಲಾಸೆಲ್ಲಾ ನಗು. ಮೇಡಂ ಸಿಕ್ಕಾಗ ನನಗೇ ಹೇಳಿದ್ರು, ಎಷ್ಟು ಚೂಟಿ ನಿಮ್ಮ ಮಗಳು ಅಂತ. ನಾನೂ ನಕ್ಕೆ. ಮನೆಗೆ ಬಂದು ಕೇಳಿದೆ, ಯಾಕೆ ಹಾಗೆ ಹೇಳಿದೆ ಪುಟ್ಟಿ ಅಂತ. "ಅಜ್ಜಿ ಹೇಳ್ತಿದ್ರಲ್ಲ" ಅಂತು.

ಅದೂ ಹೋಗ್ಲಿ. ಸೇತುವೆ ತೆರೆದ ವಾರ ನಾನು ಮದುವೆ ರಿಜಿಸ್ಟರ್ ಮಾಡೋ ಆಫೀಸಿಗೆ ಹೋಗಿದ್ದೆ. ಅವರಿಗೆ ಹೇಳದೆ. ಅಲ್ಲೊಂದು ಹೊಸ ಕಿಟಕಿ ತೆರೆದಿದ್ದಾರೆ, ಮೇಲೆ ಬೋರ್ಡು, "ಯುದ್ಧಪೂರ್ವ ವಿವಾಹಗಳು." ಉದ್ದಕ್ಕೆ ಸಾಲು. ನಿಂತೆ. ನನ್ನ ಸರದಿ ಬಂದಾಗ ಗುಮಾಸ್ತ ತಲೆ ಎತ್ತದೆ, "ನೀವು ಯುದ್ಧಪೂರ್ವವಾ?" ಅಂದ. ಅಲ್ಲ ಅಂದೆ. "ಹಾಗಾದ್ರೆ ಈ ಕಿಟಕಿ ಅಲ್ಲ" ಅಂದ. ಮತ್ತೆ ನನಗೆ ಯಾವ ಕಿಟಕಿ ಅಂದೆ. ಅವನು ಆ ಕಡೆ ಈ ಕಡೆ ನೋಡಿ, ಪಕ್ಕದವನನ್ನ ಕೇಳಿ, "ನಿಮಗೆ ಕಿಟಕಿ ಇಲ್ಲ" ಅಂದ! ಆಮೇಲೆ ಪಾಪ ಅನ್ನಿಸ್ತೋ ಏನೋ, ಬಿಡಿಸಿ ಹೇಳಿದ. ಮೊದಲಿನವಳು ಬದುಕಿ ಬಂದ್ರೆ ಗಂಡ ಇಬ್ಬರ ಎದುರಿಗೂ ನಿಂತು, ಬಾಯಿ ಬಿಟ್ಟು ಒಂದು ಮಾತು ಹೇಳ್ಬೇಕಂತೆ, ಯಾರ ಜೊತೆ ಇರ್ತೀನಿ ಅಂತ. ಮುಖಕ್ಕೆ ಮುಖ ಕೊಟ್ಟು. ಅಷ್ಟೇ ಕಾನೂನು. "ನಿಮ್ಮದು ಅಲ್ಲೀತನಕ ತಾತ್ಕಾಲಿಕ ಏರ್ಪಾಡು ಅಂದ್ಕೊಳ್ಳಿ" ಅಂದ. ನಮ್ಮ ಕೊಡೆ ರಿಪೇರಿಗೆ ಕೊಟ್ರೆ ಅಂಗಡಿಯವನು ಒಂದು ಕೊಡೆ ಕೊಟ್ಟಿರ್ತಾನಲ್ಲ ಅಲ್ಲೀವರೆಗೆ, ಹಾಗೆ.

ನಿಮಗೂ ಆ ಕಡೆ ಇದನ್ನೇ ಹೇಳಿರ್ಬೇಕು. ಅದಕ್ಕೇ ಬಂದಿದ್ದೀರಿ. ಆ ಒಂದು ಮಾತಿಗೆ. ತಪ್ಪು ಅಂತ ನಾನು ಹೇಳ್ತಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದಿದ್ರೆ ಸೇತುವೆ ತೆರೆಯೋ ಮೊದಲೇ ಈಜಿ ಬರ್ತಿದ್ದೆ. ಆದ್ರೆ ಅವರು ಊರಲ್ಲಿಲ್ಲ, ಏನ್ ಮಾಡೋಣ.

ಟೀ ತಣ್ಣಗಾಯ್ತು ನೋಡಿ. ಆ ಇನ್ನೊಂದು ಕಪ್ಪಾ? ಅದೂ ನನ್ನದೇ. ನಾನು ಎರಡು ಕಪ್ಪು ಕುಡೀತೀನಿ, ಅಭ್ಯಾಸ.

ನನಗೂ ಒಂದು ಯುದ್ಧಕ್ಕೆ ಮುಂಚೆ ಇತ್ತು, ಗೊತ್ತಾ? ಯಾರೂ ಕೇಳಿಲ್ಲ ಇದುವರೆಗೆ. ನೀವೂ ಕೇಳಲ್ಲ, ನಾನೇ ಹೇಳ್ತೀನಿ. ಮೆಟ್ಟಿಲ ಕೆಳಗಿನ ಒಂದು ಕೋಣೆ. ನಾವು ಐದು ಜನ, ಜೊತೆಗೆ ನಮ್ಮಪ್ಪನ ಬೆಲ್ಟು. ಬೆಲ್ಟನ್ನೂ ಒಂದು ಜನ ಅಂತಲೇ ಲೆಕ್ಕ ಹಿಡೀರಿ, ಅವರಿಗಿಂತ ಅದರ ಜೊತೆಗೇ ನಮಗೆ ಜಾಸ್ತಿ ಒಡನಾಟ. ನಾನು ಆಸ್ಪತ್ರೆ ಹಾಸಿಗೆ ಬಟ್ಟೆ ಒಗೀತಿದ್ದೆ. ಉಗುರು ಸಂದೀಲಿ ಯಾವಾಗ್ಲೂ ಸೋಪಿನ ಹುಣ್ಣು. ಯುದ್ಧ ಬಂತು, ನಮ್ಮಪ್ಪನ್ನ ಸೈನ್ಯಕ್ಕೆ ಕರ್ಕೊಂಡು ಹೋದ್ರು, ಅವರು ವಾಪಸ್ ಬರ್ಲಿಲ್ಲ. ನಾನು ಅಳ್ಲಿಲ್ಲ. ಆ ರಾತ್ರಿ ಮೊದಲನೇ ಸಲ ಕಾಲು ಚಾಚಿ ಮಲಗಿದೆ. ಆಮೇಲೆ ಸೈನ್ಯದ ಕೋಟಿಗೆ ಗುಂಡಿ ಹಾಕೋಕೆ ಹೆಂಗಸರು ಬೇಕು ಅಂತ ಈ ಅಂಗಡೀಲಿ ಬೋರ್ಡು ಹಾಕಿದ್ರು. ಹಾಗೆ ಈ ಬಾಗಿಲು ದಾಟಿದೆ. ಇದೇ ಮೇಜಿನ ಆ ತುದೀಲಿ ಅವರು, ಈ ತುದೀಲಿ ನಾನು. ಬಾಂಬ್ ಬಿದ್ದಾಗ ದೀಪ ಆರ್ತಿತ್ತು. ಕತ್ತಲಲ್ಲೂ ನನ್ನ ಸೂಜಿ ನಿಲ್ತಿರ್ಲಿಲ್ಲ. "ಕೈ ಚೆನ್ನಾಗಿದೆ" ಅಂದ್ರು. ನನ್ನ ಜನ್ಮದಲ್ಲಿ ನನ್ನ ಕೈಗೆ ಯಾರೂ ಹಾಗಂದಿರ್ಲಿಲ್ಲ.

ಎಲ್ಲರ ಮನೆ ಆ ಯುದ್ಧದಲ್ಲಿ ಹಾಳಾಯ್ತು. ನನಗೊಂದು ಮನೆ ಆಗಿದ್ದೇ ಅದರಿಂದ. ಗಂಡ ಅದರಿಂದ, ಮಗಳು ಅದರಿಂದ. ಇದನ್ನ ಯಾರ ಮುಂದೆ ಹೇಳ್ಲಿ? ಹೇಳಿದ್ರೆ ಮುಖಕ್ಕೆ ಉಗೀತಾರೆ. ಅವರೆಲ್ಲಾ ಕಣ್ಣು ತುಂಬ್ಕೊಂಡು ಯುದ್ಧಕ್ಕೆ ಮುಂಚೆ, ಯುದ್ಧಕ್ಕೆ ಮುಂಚೆ ಅಂದಾಗೆಲ್ಲಾ ನನಗೆ ಆ ಮೆಟ್ಟಿಲ ಕೆಳಗಿನ ಕೋಣೆ ಕಣ್ಣಿಗೆ ಬರುತ್ತೆ. ಆದ್ರೂ ನಾನೂ ಎಲ್ಲರ ಜೊತೆ ನಿಟ್ಟುಸಿರು ಬಿಡ್ತೀನಿ. ಬಿಡದೇ ಇದ್ರೆ ಹೇಗೆ?

ಏನು? ಕೋಟು ಹಾಕಿ ಹೊಲಿಯೋ ಆ ಮರದ ಬೊಂಬೆ ನೋಡ್ಬೇಕಾ? ನೋಡಿ, ನೋಡಿ. ಎದ್ದು ಹೋಗಿ ನೋಡಿ. ನಿಮ್ಮ ಅಳತೆದೇ ಅಲ್ವಾ.

ಮುಟ್ಟಿ ಪರವಾಗಿಲ್ಲ. ಭುಜ ನಿಮ್ಮದು, ಎದೆ ನಿಮ್ಮದು, ಸೊಂಟ ನಿಮ್ಮದು. ಪಕ್ಕದಲ್ಲಿ ತಿರುಪು ಇದೆಯಲ್ಲ, ಅದನ್ನ ತಿರುಗಿಸಿದ್ರೆ ಭುಜ ಅಗಲ ಆಗುತ್ತೆ, ಗಿರಾಕಿಗೆ ತಕ್ಕ ಹಾಗೆ ಇಟ್ಕೊಂಡು ಹೊಲೀಬಹುದು. ಅದಕ್ಕೇ ತಾನೇ ಅದನ್ನ ಮಾಡಿರೋದು. ಅವರು ತಿರುಗಿಸಲ್ಲ. ತಿರುಪು ತುಕ್ಕು ಹಿಡಿದಿದೆ, ಮುರಿದುಹೋಗುತ್ತೆ ಅಂತಾರೆ. ಒಂದ್ಸಲ ಅವರು ಇಲ್ಲದಾಗ ನಾನು ಒಂದು ತೊಟ್ಟು ಎಣ್ಣೆ ಬಿಟ್ಟು ನೋಡಿದೆ. ಬೆಣ್ಣೆ ಹಾಗೆ ತಿರುಗ್ತು! ತುಕ್ಕೂ ಇಲ್ಲ, ಮಣ್ಣೂ ಇಲ್ಲ. ನಿಮ್ಮ ಭುಜ ನನ್ನ ಕಣ್ಣ ಮುಂದೇನೇ ನನ್ನ ಭುಜದಷ್ಟು ಆಯ್ತು. ಆಮೇಲೆ ಹೆದರಿಕೆ ಆಯ್ತು... ವಾಪಸ್ ತಿರುಗಿಸಿ ಮೊದಲಿದ್ದ ಹಾಗೇ ಇಟ್ಟುಬಿಟ್ಟೆ.

ಊರಿನವರಿಗೆಲ್ಲಾ ಟೇಪು ಹಿಡಿದು ಕೂದಲೆಳೆ ವ್ಯತ್ಯಾಸ ಬಾರದ ಹಾಗೆ ಹೊಲಿಯೋ ಮನುಷ್ಯ, ನನಗೆ ಮಾತ್ರ ಒಂದು ದಿನ ಟೇಪು ಹಿಡಿದಿಲ್ಲ. ಕೇಳಿದ್ರೆ "ನಿನ್ನ ಅಳತೆ ನನಗೆ ಗೊತ್ತಿಲ್ವಾ" ಅಂತಾರೆ. ಗೊತ್ತಿದೆ, ಯಾರ ಅಳತೆ ಅಂತ ನನಗೂ ಗೊತ್ತಿದೆ! ಪ್ರತಿ ಚಳಿಗಾಲ ಒಂದು ಕೋಟು, ಈ ಬೊಂಬೆ ಮೇಲೆ. ಹಾಕ್ಕೊಂಡ್ರೆ ಕಂಕುಳಲ್ಲಿ ಹಿಡಿಯುತ್ತೆ, ಕೈ ಎತ್ತೋಕಾಗಲ್ಲ. ಮಗಳನ್ನ ಎತ್ಕೊಂಡ್ರೆ ಬೆನ್ನಲ್ಲಿ ಪರ್ ಅನ್ನುತ್ತೆ. ಅವರು ಗಿರಾಕಿ ಮನೆಗೆ ಹೋದಾಗ ಕೂತು ಪಕ್ಕದ ಹೊಲಿಗೆ ಬಿಚ್ಚಿ ಬಿಟ್ಕೋತೀನಿ. ಇಷ್ಟು ವರ್ಷದಿಂದ ನಿಮ್ಮ ಅಳತೇಲಿ ಉಸಿರು ಬಿಗಿ ಹಿಡ್ಕೊಂಡು ಬದುಕಿದ್ದೀನಿ, ನೋಡಿ.

ಇನ್ನೂ ಒಂದಿದೆ, ಅದು ಹೇಳ್ಬೇಕು. ಬಿಚ್ಚಿದಾಗ ಒಳಗೆ ಎರಡು ಬೆರಳು ಬಟ್ಟೆ ಜಾಸ್ತಿ ಇರುತ್ತೆ. ಮಡಚಿ, ಇಸ್ತ್ರಿ ಹಾಕಿ, ಕಾಣದ ಹಾಗೆ. ಬೇರೆ ಯಾರ ಬಟ್ಟೇಲೂ ಅವರು ಅಷ್ಟು ಬಿಡಲ್ಲ, ಬಟ್ಟೆ ವಿಷಯದಲ್ಲಿ ಜುಗ್ಗ ಮನುಷ್ಯ. ನನ್ನದ್ರಲ್ಲಿ ಮಾತ್ರ ಬಿಡ್ತಾರೆ. ಅಂದ್ರೆ ಗೊತ್ತಿದೆ, ಅಲ್ವಾ? ಇವಳಿಗೆ ಇದು ಆಗಲ್ಲ, ಬಿಚ್ಕೋತಾಳೆ ಅಂತ ಗೊತ್ತಿದ್ದೇ ಹೊಲೀತಾರೆ. ಇದನ್ನ ಪ್ರೀತಿ ಅನ್ನಬೇಕೋ ಏನನ್ನಬೇಕೋ, ನನಗಂತೂ ತಿಳಿಯಲ್ಲ. ನಿಮಗೆ ತಿಳಿಯುತ್ತಾ?

ತಾಳಿ, ಈ ವರ್ಷದ್ದು ಇಲ್ಲೇ ನೇತುಹಾಕಿದ್ದೀನಿ. ಇನ್ನೂ ಬಿಚ್ಚಿಲ್ಲ. ಬನ್ನಿ, ಹಾಕ್ಕೊಳ್ಳಿ. ಬನ್ನೀಂದ್ರೆ! ನಾಚಿಕೆ ಏನು ಇದ್ರಲ್ಲಿ, ನಿಮಗೆ ಅಂತಲೇ ಹೊಲಿದಿರೋದು. ಒಂದ್ಸಲ ಈ ಕೋಟು ಸರಿಯಾದ ಮೈಮೇಲೆ ಹೇಗೆ ಕೂರುತ್ತೆ ಅಂತ ನೋಡಿಬಿಡ್ತೀನಿ. ನನಗೂ ಒಂದು ಸಮಾಧಾನ. ಕೈ ಹಾಕಿ... ಈ ಕಡೆದು... ಹಾಂ. ತಿರುಗಿ.

...

ಇದೇನು?

ತಾಳಿ, ಗುಂಡಿ ಹಾಕ್ತೀನಿ. ಹಾಕಿದ್ರೂ... ಅಯ್ಯೋ ದೇವ್ರೆ. ಭುಜ ಎಲ್ಲಿಗೋ ಇಳಿದುಹೋಗಿದೆ. ಬೆರಳ ತುದಿವರೆಗೂ ತೋಳು. ನಿಮ್ಮ ಕೈ ಯಾಕೆ ಹೀಗೆ ಕಡ್ಡಿ ಆಗಿದೆ? ಆ ಕಡೆ ತಿನ್ನೋಕೆ ಏನು ಕೊಡ್ತಿದ್ರು? ಕೊಡ್ತಿದ್ರಾ? ಒಳಗೆ ಇನ್ನೊಬ್ಬರು ಹಿಡಿಸ್ತಾರಲ್ರೀ ಇದ್ರಲ್ಲಿ!

ನನಗೆ ಬಿಗಿ, ನಿಮಗೆ ಸಡಿಲ. ಹಾಗಾದ್ರೆ ಇಷ್ಟು ವರ್ಷ ಆ ಮಹಾರಾಯ ಯಾರಿಗೆ ಹೊಲಿದಿದ್ದು? ಹಾಂ? ಊಟಕ್ಕೆ ಕೂತಾಗ ಎದುರಿಗೆ ನಾನಿದ್ದೆ. ಹೊಳೆ ಆಚೆ ನೀವು ಒಣಗ್ತಿದ್ರಿ. ಇಲ್ಲಿ ಕೋಟು ಮಾತ್ರ ಪ್ರತಿ ವರ್ಷ ಆ ಮರದ ಗೂಟಕ್ಕೆ! ಗೂಟಕ್ಕೆ ಚಳಿ ಆಗುತ್ತಾ, ಹೇಳಿ? ಗೂಟ ಲೋಟ ನೆಟ್ಟಗೆ ಇಡುತ್ತಾ?

ನಕ್ಕಿರಾ? ಯಾಕೆ... ಯಾಕೆ ನಗ್ತಿದ್ದೀರಿ? ನಗಬೇಡಿ, ನನಗೂ ಬರುತ್ತೆ... ಅಯ್ಯೋ, ಕನ್ನಡಿ ನೋಡಿ, ಕನ್ನಡೀಲಿ ನೋಡ್ಕೊಳ್ಳಿ, ಅಪ್ಪನ ಕೋಟು ಹಾಕ್ಕೊಂಡ ಮಗು ಹಾಗೆ... ಸಾಕು, ಸಾಕು, ಹೊಟ್ಟೆ ನೋಯುತ್ತೆ... ನಿಮ್ಮ ನಗು ಇದೇನಾ? ಅತ್ತೆ ಹೇಳ್ತಿದ್ದಿದ್ದು ಇದನ್ನೇನಾ? ಚೆನ್ನಾಗಿದೆ. ನಿಜವಾಗ್ಲೂ ಚೆನ್ನಾಗಿದೆ. ಮುದುಕಿ ಸುಳ್ಳು ಹೇಳಿರ್ಲಿಲ್ಲ.

...

ಏನು? ವಾ... ವಾಸನೆನಾ? ನನಗೇನೂ ಬರ್ತಿಲ್ಲ. ಓ, ಅದಾ? ಹಿಂದಿನ ಮನೆಯವರು ಕಸ ಸುಡ್ತಾರೆ, ದಿನಾ ಇದೇ ಹೊತ್ತಿಗೆ. ಎಷ್ಟು ಹೇಳಿದ್ರೂ ಕೇಳಲ್ಲ. ಉಣ್ಣೆ ಸುಟ್ಟ ಹಾಗೆ ಇದೆ ಅಂತೀರಾ? ಹಳೇ ಬಟ್ಟೆ ಸುಡ್ತಿರ್ಬೇಕು.

ಯಾಕೆ ಕೋಟು ಬಿಚ್ಚಿದ್ರಿ? ಕೂತ್ಕೊಳ್ಳಿ. ಚೀಲ ಯಾಕೆ ತಗೊಂಡ್ರಿ? ನಾನೇನಾದ್ರೂ ತಪ್ಪಾಗಿ ಅಂದ್ನಾ?

ನೀವು ಏನೂ ಕೇಳಲ್ವಾ?

ಒಂದೂ ಕೇಳಲ್ವಾ? ಬಸ್ಸು ಎಷ್ಟೊತ್ತಿಗೆ, ಯಾವತ್ತು ಬರ್ತಾರೆ, ಅಳ್ತಾರಾ, ನೆನೀತಾರಾ... ಏನೂ ಬೇಡ್ವಾ? ಟೇಪು ನೋಡಿದ್ರಿ. ಕಪ್ಪು ನೋಡಿದ್ರಿ. ಈಗ ಆ ನೆಲ ನೋಡ್ತಿದ್ದೀರಿ, ಅಲ್ಲಿ ಬಟ್ಟೆಗೆ ಗುರುತು ಹಾಕೋ ಸೀಮೆಸುಣ್ಣ ಬಿದ್ದು ಒಡೆದಿರೋದನ್ನ. ಎಲ್ಲಾ ನೋಡಿದ್ರಿ. ಆ ಇಸ್ತ್ರಿ ಕೋಣೆ ಪರದೆ ಕಡೆ ಮಾತ್ರ ನೀವು... ನೀವು ಬಂದಾಗಿಂದ ಒಂದೇ ಒಂದು ಸಲವೂ ಆ ಕಡೆ ತಿರುಗಿಲ್ಲ. ಬೊಂಬೆ ಅದರ ಪಕ್ಕದಲ್ಲೇ ಇದೆ, ಆಗ್ಲೂ ತಿರುಗ್ಲಿಲ್ಲ.

ಗೊತ್ತಿತ್ತಾ ನಿಮಗೆ?

ಬಾಗಿಲಿಂದಲೇ ಗೊತ್ತಿತ್ತಾ? ಗೊತ್ತಿದ್ದೂ ಇಷ್ಟು ಹೊತ್ತು ನನ್ನ ಸುಳ್ಳು ಕೇಳ್ತಾ ಕೂತಿದ್ರಾ? ಬಸ್ಸು, ಲೈನಿಂಗ್ ಬಟ್ಟೆ, ಹೊಸ ಟೇಪು... ಯಾಕೆ ನಿಲ್ಲಿಸ್ಲಿಲ್ಲ ನೀವು?

ಹೌದು. ಒಳಗಿದ್ದಾರೆ. ನಿಮ್ಮ ಗುರುತು ಹಿಡಿದಿದ್ದು ನಾನಲ್ಲ. ಅವರು ಮೇಜಿನ ಮೇಲೆ ಬಗ್ಗಿ ಸೀಮೆಸುಣ್ಣದಲ್ಲಿ ಗೆರೆ ಎಳೀತಿದ್ರು. ತಲೆ ಎತ್ತಿ ಹೊರಗೆ ನೋಡಿದ್ರು. ಸೀಮೆಸುಣ್ಣ ಕೈಯಿಂದ ಬಿತ್ತು. ಎದ್ದು ನಿಂತ್ರು ನೋಡಿ, ಆ ನಿಂತಿದ್ದು... ನಾನು ಆ ಮನುಷ್ಯ ಹಾಗೆ ಎದ್ದು ನಿಂತಿದ್ದು ಒಂದಿನ ನೋಡಿಲ್ಲ. ಮಗಳು ಹುಟ್ಟಿದ ದಿನವೂ ನೋಡಿಲ್ಲ. ಟೇಪು ತೆಗೆದು ಮೊಳೆಗೆ ಹಾಕಿದ್ರು. "ನೀನೇ ಮಾತಾಡಿ ಕಳಿಸಿಬಿಡು" ಅಂದು ಪರದೆ ಹಿಂದೆ ಹೋದ್ರು. ನೀವು ಬಂದ ಮೇಲೆ ಇಸ್ತ್ರಿ ಹಾಕೋ ಸದ್ದು ಕೇಳ್ತಾನೇ ಇತ್ತು, ಸರ್ ಸರ್ ಅಂತ. ನಿಮಗೂ ಕೇಳಿಸಿರುತ್ತೆ. ಅದು ಕೇಳಬಾರದು ಅಂತಲೇ ನಾನು ಇಷ್ಟು ಜೋರಾಗಿ ಬಡಬಡಿಸಿದ್ದು. ನೀವು ನಕ್ಕಾಗ ನಿಂತುಹೋಯ್ತು.

ಟೀ ಕೊಟ್ಟು ಕಳಿಸು, ಮುಗಿದಿದ್ದು ಮುಗೀತು ಅಂತ ಅವರು ಅನ್ಲಿಲ್ಲ. ಅದು ನಾನು ಕಟ್ಟಿದ್ದು. ಅವರು ಅಂದಿದ್ದು ಬೇರೆ. ಪರದೆ ಎತ್ತಿ, ನನ್ನ ಕಡೆ ತಿರುಗದೇನೇ ಅಂದ್ರು. "ಅವಳ ಮುಖ ನೋಡಿದ್ರೆ ಈ ಮನೇಲಿ ಉಳಿಯೋಕೆ ನನ್ನಿಂದ ಆಗಲ್ಲ" ಅಂತ.

ಆ ಮಾತು ಕೇಳಿಸ್ಕೊಂಡು ಬಂದು ನಾನು ನಿಮಗೆ ಬಾಗಿಲು ತೆಗೆದೆ. ನಗ್ತಾ ತೆಗೆದೆ, ನೆನಪಿದ್ಯಾ? ಮುಖ ನೋಡಿಸ್ಬಾರದು, ಒಂದು ಕಪ್ಪು ಟೀ ಮುಗಿಯೋದ್ರೊಳಗೆ ಕಳಿಸಿಬಿಡ್ಬೇಕು, ಅಷ್ಟೇ ಇದ್ದಿದ್ದು ತಲೇಲಿ. ಇವತ್ತು ಬೆಳಿಗ್ಗೆ ಮಗಳಿಗೆ ಜಡೆ ಹಾಕ್ತಿದ್ದೆ, ಅವರು ರೇಡಿಯೋ ತಿರುವ್ತಿದ್ರು, ಬ್ರೆಡ್ಡು ಸೀದುಹೋಯ್ತು ಅಂತ ನಾನು ರೇಗಿದೆ. ಅದಕ್ಕೂ "ಮುಂಚೆ" ಅಂತ ಹೆಸರು ಬೀಳುತ್ತೆ ಅಂತ ಆಗ ನನಗೂ ಗೊತ್ತಿರ್ಲಿಲ್ಲ ಅಕ್ಕ.

ಬೇಡ, ಹೋಗಬೇಡಿ. ಕೈ ಮುಗೀತೀನಿ, ಹೀಗೆ ಹೋಗಬೇಡಿ! ನೀವು ಹೊರಟುಹೋದ್ರೆ ನಾಳೆಯಿಂದ ಅವರು ಮತ್ತೆ ಆ ಗೂಟಕ್ಕೇ ಹೊಲೀತಾರೆ. ನನ್ನಿಂದ ಇನ್ನು ಆ ಹೊಲಿಗೆ ಬಿಚ್ಚೋಕೆ ಆಗಲ್ಲ. ಹೋದ್ರೆ ಹೋಗ್ಲಿ, ಉಳಿದ್ರೆ ಉಳೀಲಿ, ಒಂದ್ಸಲ ಆಚೆ ಬಂದು ನಮ್ಮಿಬ್ಬರ ಮುಖ ನೋಡಿ ಆ ಒಂದು ಮಾತು ಹೇಳ್ಲಿ. ನನಗೆ ಹೆದರಿಕೆ ಇಲ್ಲ ಅಂದ್ಕೊಂಡಿದ್ದೀರಾ?

ರೀ...

ರೀ, ಇಸ್ತ್ರಿ ಪೆಟ್ಟಿಗೆ ಎತ್ತಿಡಿ. ಬಟ್ಟೆ ಸುಡ್ತಿದೆ.

...

ಕೇಳಿಸ್ತಾ ಅಕ್ಕ? ಎತ್ತಿಟ್ರು.

ಕೂತ್ಕೊಳ್ಳಿ. ಟೀ ಬೇರೆ ಮಾಡ್ತೀನಿ. ಬಂದೇ ಬರ್ತಾರೆ, ಅಲ್ಲಿ ಇನ್ನೊಂದು ಬಾಗಿಲಿಲ್ಲ.